ಪಿತ್ತಕೋಶದ ಕಲ್ಲು: ನೋವು ಬಂದ ರಾತ್ರಿಯಿಂದ ಆಪರೇಷನ್ ಆಗಿ ಮನೆಗೆ ಬರುವ ತನಕ

ನಮ್ಮ ಕಡೆ ‘ಪಿತ್ತ’ ಅನ್ನುವ ಮಾತಿಗೆ ಅಳತೆಯೇ ಇಲ್ಲ. ತಲೆ ಸುತ್ತಿದರೂ ಪಿತ್ತ, ಹುಳಿ ತೇಗು ಬಂದರೂ ಪಿತ್ತ, ಬೆಳಿಗ್ಗೆ ಎದ್ದ ಕೂಡಲೇ ವಾಕರಿಕೆ ಬಂದರೂ ಪಿತ್ತ. “ಪಿತ್ತ ಆಗೇತಿ ತಗೋ, ಲಿಂಬಿಹಣ್ಣಿನ ಶರಬತ್ ಕುಡಿ” ಎಂದು ಹೇಳಿ ಸುಮ್ನೆ ಆಗುತ್ತೇವೆ. ರೋಣದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಗವ್ವನಿಗೂ ಎಂಟು ತಿಂಗಳು ಇದನ್ನೇ ಹೇಳುತ್ತ ಬಂದೆವು.

ಅವಳಿಗೆ ಮೊದಲ ಸಲ ನೋವು ಬಂದದ್ದು ಒಂದು ಕುಬಸದ ಊಟ ಮಾಡಿ ಬಂದ ರಾತ್ರಿ. ಹೋಳಿಗೆ, ಮೇಲೆ ತುಪ್ಪ, ಜೊತೆಗೆ ಭಜಿ. ರಾತ್ರಿ ಒಂದು ಗಂಟೆಗೆ ಎದೆಗೂಡಿನ ಕೆಳಗೆ ಯಾರೋ ಹಿಡಿದು ಹಿಂಡಿದ ಹಾಗೆ ನೋವು. ಅಲ್ಲಿಂದ ಬಲಗಡೆ ಬೆನ್ನಿಗೆ, ಭುಜಕ್ಕೆ. ಕೂತರೂ ಇಲ್ಲ, ಮಲಗಿದರೂ ಇಲ್ಲ. ಅಂಗಳದಲ್ಲಿ ತಿರುಗಾಡಿದಳು, ಎರಡು ಸಲ ವಾಂತಿ ಮಾಡಿಕೊಂಡಳು. ಮೂರು ಗಂಟೆ ಆದ ಮೇಲೆ ನೋವು ತಾನೇ ಇಳಿಯಿತು. ಬೆಳಿಗ್ಗೆ ಎದ್ದು ರೊಟ್ಟಿ ಬಡಿದಳು. ಊರಿನ ಒಂದು ಕ್ಲಿನಿಕ್ಕಿನಲ್ಲಿ ಮೂರು ಸಲ ಗ್ಯಾಸಿನ ಇಂಜೆಕ್ಷನ್ ಆಯಿತು. ಒಂದು ಸಲವೂ ಸ್ಕ್ಯಾನ್ ಆಗಲಿಲ್ಲ. ನಾಲ್ಕನೇ ಸಲ ಕಣ್ಣು ಹಳದಿಯಾದವು. ಕಾಮಣಿ ಅಂತ ಎಲೆ ಔಷಧ ಕೊಡಿಸಿದರು. ಅದರಲ್ಲಿ ಐದು ದಿನ ಹೋಯಿತು. ಹುಬ್ಬಳ್ಳಿಗೆ ಕರೆದುಕೊಂಡು ಬಂದಾಗ ಚಳಿ ಜ್ವರದಿಂದ ಹಲ್ಲು ಕಟಕಟ ಅನ್ನುತ್ತಿದ್ದವು. ಪಿತ್ತಕೋಶದ ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡಿತ್ತು.

ಅವಳು ಉಳಿದಳು, ಈಗ ಚೆನ್ನಾಗಿದ್ದಾಳೆ. ಆದರೆ ಆ ಐದು ದಿನ ನನ್ನ ಮನಸ್ಸಿನಿಂದ ಹೋಗಿಲ್ಲ. ನಾನು ಡಾಕ್ಟರಲ್ಲ. ಆಸ್ಪತ್ರೆಯಲ್ಲಿ ಕೂತು ಕೇಳಿ ತಿಳಿದದ್ದು, ಆಮೇಲೆ ಓದಿ ಖಾತ್ರಿ ಮಾಡಿಕೊಂಡದ್ದು, ಎರಡನ್ನೂ ಸೇರಿಸಿ ನಿಮ್ಮ ಮನೆಯವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಪಿತ್ತಕೋಶ ಅಂದರೆ ಏನು

ಬಲಗಡೆ ಪಕ್ಕೆಲುಬಿನ ಒಳಗೆ ಲಿವರ್ ಇದೆ. ಅದು ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರ್‌ವರೆಗೆ ಪಿತ್ತರಸ ತಯಾರಿಸುತ್ತದೆ. ಎಣ್ಣೆ, ತುಪ್ಪ, ಬೆಣ್ಣೆಯಂಥ ಜಿಡ್ಡನ್ನು ಕರಗಿಸಿ ಜೀರ್ಣ ಮಾಡಲು ಈ ರಸ ಬೇಕು. ಊಟ ಇಲ್ಲದ ಹೊತ್ತಿನಲ್ಲಿ ಅದನ್ನು ಕೂಡಿಟ್ಟು ಗಟ್ಟಿ ಮಾಡುವ ಚೀಲವೇ ಪಿತ್ತಕೋಶ. ಲಿವರಿನ ಕೆಳಗೆ ಅಂಟಿಕೊಂಡಿರುವ ಇದು 7ರಿಂದ 10 ಸೆಂ.ಮೀ. ಉದ್ದ, ಹಿಡಿಸುವುದು 30ರಿಂದ 50 ಮಿ.ಲೀ. ಜಿಡ್ಡಿನ ಊಟ ಕರುಳಿಗೆ ಇಳಿದಾಗ ಚೀಲ ಕುಗ್ಗಿ ರಸವನ್ನು ನಾಳದ ಮೂಲಕ ಸಣ್ಣ ಕರುಳಿಗೆ ತಳ್ಳುತ್ತದೆ. ಹೋಳಿಗೆ ತುಪ್ಪ ಉಂಡ ರಾತ್ರಿಯೇ ಚಿಗವ್ವನಿಗೆ ನೋವು ಬಂದದ್ದು ಇದಕ್ಕೇ. ಚೀಲ ಜೋರಾಗಿ ಹಿಂಡಿದಾಗ ಒಳಗಿದ್ದ ಕಲ್ಲು ಬಾಯಿಗೆ ಬಂದು ಅಡ್ಡ ಕೂತಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದು ಕಿಡ್ನಿ ಕಲ್ಲಲ್ಲ. ಎರಡನ್ನೂ ನಾವು ಕಲ್ಲು, ಹರಳು ಅಂತಲೇ ಕರೆಯುತ್ತೇವೆ, ತೊಂದರೆ ಶುರುವಾಗುವುದೇ ಅಲ್ಲಿ. ಕಿಡ್ನಿಯ ಸಣ್ಣ ಕಲ್ಲು ಜಾಸ್ತಿ ನೀರು ಕುಡಿದರೆ ಮೂತ್ರದ ಜೊತೆ ಹೊರಗೆ ಬೀಳಬಹುದು. ಪಿತ್ತಕೋಶಕ್ಕೂ ಮೂತ್ರದ ದಾರಿಗೂ ಸಂಬಂಧವೇ ಇಲ್ಲ. ಬಾಳೆದಿಂಡಿನ ರಸ, ಬಾರ್ಲಿ ನೀರು ಎಷ್ಟು ಕುಡಿದರೂ ಈ ಕಲ್ಲಿಗೆ ಅದು ಮುಟ್ಟುವುದಿಲ್ಲ. ಹಾಗೆಯೇ ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಿಂದಲೋ, ಟೊಮೆಟೊ ಬೀಜದಿಂದಲೋ, ಅನ್ನದಲ್ಲಿ ಸಿಕ್ಕ ಹರಳು ನುಂಗಿದ್ದರಿಂದಲೋ ಪಿತ್ತಕೋಶದಲ್ಲಿ ಕಲ್ಲು ಆಗುವುದಿಲ್ಲ.

ಕಲ್ಲು ಹೇಗೆ ಆಗುತ್ತದೆ, ಯಾರಿಗೆ ಜಾಸ್ತಿ

ಪಿತ್ತರಸದಲ್ಲಿ ಕೊಲೆಸ್ಟರಾಲ್ ಇದೆ, ಅದನ್ನು ಕರಗಿಸಿಡುವ ಪಿತ್ತ ಲವಣಗಳಿವೆ, ಹಳದಿ ಬಣ್ಣದ ಬಿಲಿರುಬಿನ್ ಇದೆ. ಈ ಪಾಕದ ಹದ ತಪ್ಪಿದರೆ ಕರಗದೆ ಉಳಿದದ್ದು ಹರಳುಗಟ್ಟುತ್ತದೆ. ಬೆಲ್ಲದ ಪಾಕ ಹದ ಮೀರಿದರೆ ಪಾತ್ರೆಯ ತಳಕ್ಕೆ ಸಕ್ಕರೆ ಹರಳು ಕೂಡುವುದನ್ನು ನೋಡಿರುತ್ತೀರಿ, ಹಾಗೆ. ಚೀಲ ಸರಿಯಾಗಿ ಹಿಂಡಿ ಖಾಲಿಯಾಗದಿದ್ದರೆ ಆ ಹರಳು ಅಲ್ಲೇ ಕೂತು ಬೆಳೆಯುತ್ತದೆ.

ಕೊಲೆಸ್ಟರಾಲ್ ಕಲ್ಲು ಹಳದಿ ಬಣ್ಣದ್ದು. ತೂಕ ಜಾಸ್ತಿ ಇದ್ದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ, ವಯಸ್ಸಾದವರಿಗೆ, ಮನೆತನದಲ್ಲಿ ಇದ್ದವರಿಗೆ ಇದು ಹೆಚ್ಚು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು, ಅದರಲ್ಲೂ ಬಸಿರಿನಲ್ಲಿ ಮತ್ತು ಈಸ್ಟ್ರೋಜನ್ ಇರುವ ಗುಳಿಗೆ ತೆಗೆದುಕೊಳ್ಳುವಾಗ. ಆ ಹಾರ್ಮೋನು ಪಿತ್ತರಸದಲ್ಲಿ ಕೊಲೆಸ್ಟರಾಲ್ ಹೆಚ್ಚಿಸುತ್ತದೆ. ಬಸಿರಿನಲ್ಲಿ ಪ್ರೊಜೆಸ್ಟರಾನ್ ಚೀಲದ ಚಲನೆಯನ್ನೂ ನಿಧಾನ ಮಾಡುತ್ತದೆ.

ಕಪ್ಪು ಕಲ್ಲು ಬಿಲಿರುಬಿನ್‌ನಿಂದ ಆಗುವುದು. ರಕ್ತಕಣ ಬೇಗ ಒಡೆಯುವ ಕಾಯಿಲೆಗಳಲ್ಲಿ, ಅಂದರೆ ಸಿಕಲ್ ಸೆಲ್, ಥಲಸೀಮಿಯಾದಂಥವುಗಳಲ್ಲಿ, ಮತ್ತು ಲಿವರ್ ಸಿರೋಸಿಸ್ ಇದ್ದವರಲ್ಲಿ ಕಾಣುತ್ತದೆ. ಸಣ್ಣ ಮಕ್ಕಳಲ್ಲಿ ಪಿತ್ತಕೋಶದ ಕಲ್ಲು ಕಂಡರೆ ರಕ್ತದ ಕಾಯಿಲೆ ಇದೆಯಾ ಎಂದು ನೋಡಿಸಲೇಬೇಕು. ಕಂದು ಕಲ್ಲು ಸೋಂಕಿನಿಂದ ಆಗುವುದು, ಹೆಚ್ಚಾಗಿ ನಾಳದಲ್ಲೇ. ಮಿಶ್ರ ಕಲ್ಲುಗಳೂ ಉಂಟು.

ಉಪವಾಸದ ವಿಷಯ ಬಿಡಿಸಿ ಹೇಳಬೇಕು. ಶ್ರಾವಣದಲ್ಲಿ ಸೋಮವಾರ, ಶನಿವಾರ ಒಪ್ಪತ್ತು ಮಾಡುವವರು ಹೆದರಬೇಕಾಗಿಲ್ಲ. ತೊಂದರೆ ಇರುವುದು ದಿನಗಟ್ಟಲೆ ಹೊಟ್ಟೆ ಖಾಲಿ ಬಿಡುವುದರಲ್ಲಿ, ಮತ್ತು ಸರ್ರನೆ ತೂಕ ಇಳಿಸುವುದರಲ್ಲಿ. ವಾರಕ್ಕೆ ಒಂದೂವರೆ ಕಿಲೋಕ್ಕಿಂತ ಹೆಚ್ಚು ತೂಕ ಇಳಿದರೆ ಕಲ್ಲಿನ ಸಾಧ್ಯತೆ ಏರುತ್ತದೆ. ಎಣ್ಣೆಯನ್ನು ಪೂರ್ತಿ ಬಿಟ್ಟು ಬರೀ ಜ್ಯೂಸ್ ಕುಡಿಯುವ ಡಯೆಟ್‌ಗಳನ್ನು ಕಂಡರೆ ನನಗೆ ಭಯ. ತೂಕ ಇಳಿಸಲೇಬೇಕು ಅಂದರೆ ವಾರಕ್ಕೆ ಅರ್ಧದಿಂದ ಒಂದು ಕಿಲೋ ಸಾಕು. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಮಜ್ಜಿಗೆ, ಹೊತ್ತಿಗೆ ಸರಿಯಾಗಿ ಊಟ, ಒಂದಿಷ್ಟು ನಡಿಗೆ. ಇದಕ್ಕೆ ಹೊರಗಿನ ಡಯೆಟ್ ಚಾರ್ಟ್ ಯಾಕೆ ಬೇಕು, ಅಲ್ವಾ?

ಹೆಜ್ಜೆ 1: ನೋವನ್ನು ಗುರುತಿಸಿ

ಗ್ಯಾಸಿನ ಹೊಟ್ಟೆಯುಬ್ಬರ ತೇಗು ಬಂದರೆ, ಹೊರಕಡೆಗೆ ಹೋಗಿಬಂದರೆ ಸ್ವಲ್ಪ ಹಗುರಾಗುತ್ತದೆ. ಪಿತ್ತಕೋಶದ ನೋವು ಹಾಗಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ, ನಡುವೆ ಅಥವಾ ಬಲಕ್ಕೆ, ಒಂದೇ ಸಮನೆ ಹಿಂಡುತ್ತದೆ. ಬಲ ಭುಜದ ಹಿಂದೆ ಹಬ್ಬುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ಇರುತ್ತದೆ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಜಿಡ್ಡಿನ ಊಟದ ನಂತರ, ಹೆಚ್ಚಾಗಿ ರಾತ್ರಿ ಬರುತ್ತದೆ. ಜೊತೆಗೆ ವಾಂತಿ. ಮಿರ್ಚಿ ಭಜಿ ತಿಂದ ದಿನವೋ, ಸಾವಜಿ ಊಟ ಮಾಡಿದ ದಿನವೋ ಇಂಥದ್ದು ಎರಡು ಸಲ ಆಯಿತು ಅಂದರೆ ಮೂರನೆಯದಕ್ಕೆ ಕಾಯಬೇಡಿ, ಸ್ಕ್ಯಾನ್ ಮಾಡಿಸಿ.

ಆದರೆ ಒಂದು ಎಚ್ಚರ. ನಲವತ್ತು ದಾಟಿದವರಿಗೆ, ಅದರಲ್ಲೂ ಬಿಪಿ, ಶುಗರ್ ಇದ್ದವರಿಗೆ ಹೊಟ್ಟೆಯ ಮೇಲ್ಭಾಗದ ನೋವು ಹೃದಯಾಘಾತವೂ ಆಗಿರಬಹುದು. ಬೆವರು, ಉಸಿರು ಕಟ್ಟುವುದು, ಎದೆ ಒತ್ತಿದಂತಾಗುವುದು ಇದ್ದರೆ ಮೊದಲು ಇಸಿಜಿ. ಪಿತ್ತಕೋಶವನ್ನು ಆಮೇಲೆ ನೋಡೋಣ.

ನೋವು ಬಂದ ಹೊತ್ತಿನಲ್ಲಿ ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಏನೂ ತಿನ್ನಿಸಬೇಡಿ. ‘ಹೊಟ್ಟೆ ಖಾಲಿ ಐತಿ, ಅದಕ್ಕ ನೋವು’ ಎಂದು ಹಾಲು ಕುಡಿಸಬೇಡಿ. ಹಾಲಿನ ಕೆನೆಯೂ ಜಿಡ್ಡೇ, ಚೀಲ ಮತ್ತೆ ಹಿಂಡುತ್ತದೆ. ನೋವಿನ ಗುಳಿಗೆಯನ್ನು ಅಂಗಡಿಯಿಂದ ನಾವೇ ತಂದು ಕೊಡಬಾರದು. ಈ ನೋವಿಗೆ ಡೈಕ್ಲೋಫೆನಾಕ್ ಚೆನ್ನಾಗಿ ಕೆಲಸ ಮಾಡುತ್ತದೆ ನಿಜ, ಆದರೆ ಕಿಡ್ನಿ ತೊಂದರೆ ಅಥವಾ ಹೊಟ್ಟೆ ಹುಣ್ಣು ಇದ್ದವರಿಗೆ ಅದು ಅಪಾಯ. ಗಡಿಯಾರ ನೋಡಿ, ನೋವು ಎಷ್ಟಕ್ಕೆ ಶುರುವಾಯಿತು ಎಂದು ಬರೆದಿಡಿ. ಡಾಕ್ಟರ್ ಮೊದಲು ಕೇಳುವುದೇ ಅದನ್ನು.

ಹೆಜ್ಜೆ 2: ಸ್ಕ್ಯಾನ್ ಮಾಡಿಸಿ, ರಿಪೋರ್ಟ್ ಓದಿ

ಬೇಕಾದದ್ದು ಸಾದಾ ಹೊಟ್ಟೆಯ ಅಲ್ಟ್ರಾಸೌಂಡ್. ಆರರಿಂದ ಎಂಟು ಗಂಟೆ ಏನೂ ತಿನ್ನದೆ ಹೋಗಿ. ತಿಂದು ಹೋದರೆ ಚೀಲ ಕುಗ್ಗಿರುತ್ತದೆ, ಸರಿಯಾಗಿ ಕಾಣುವುದಿಲ್ಲ. ಪಿತ್ತಕೋಶದೊಳಗಿನ ಕಲ್ಲನ್ನು ಹಿಡಿಯುವುದರಲ್ಲಿ ಅಲ್ಟ್ರಾಸೌಂಡ್ ಬಹಳ ನಂಬಿಗಸ್ತ. ಸಿಟಿ ಸ್ಕ್ಯಾನ್ ದುಬಾರಿ, ಆದರೂ ಕೆಲವು ಕೊಲೆಸ್ಟರಾಲ್ ಕಲ್ಲು ಅದರಲ್ಲಿ ಕಾಣುವುದೇ ಇಲ್ಲ. ದುಡ್ಡು ಜಾಸ್ತಿ ಕೊಟ್ಟರೆ ಒಳ್ಳೆಯ ಪರೀಕ್ಷೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ರಿಪೋರ್ಟ್ ಇಂಗ್ಲಿಷಿನಲ್ಲಿರುತ್ತದೆ. ಕೆಲವು ಪದ ಗೊತ್ತಿದ್ದರೆ ಅರ್ಧ ಗಾಬರಿ ಹೋಗುತ್ತದೆ. ‘ಕೊಲೆಲಿಥಿಯಾಸಿಸ್’ ಅಂದರೆ ಪಿತ್ತಕೋಶದಲ್ಲಿ ಕಲ್ಲಿದೆ, ಅಷ್ಟೇ. ‘ಕ್ಯಾಲ್ಕುಲಸ್’ ಒಂದು ಕಲ್ಲು, ‘ಕ್ಯಾಲ್ಕುಲೈ’ ಹಲವು. ‘ಸ್ಲಡ್ಜ್’ ಅಂದರೆ ಕಲ್ಲಾಗುವ ಮುಂಚಿನ ರಾಡಿ. ಸೆಫ್ಟ್ರಿಯಾಕ್ಸೋನ್ ಎಂಬ ಇಂಜೆಕ್ಷನ್ ಕೆಲವು ದಿನ ಪಡೆದವರಲ್ಲೂ ಇದು ಕಾಣಬಹುದು, ಔಷಧ ನಿಂತ ಮೇಲೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ‘ವಾಲ್ ಥಿಕ್‌ನೆಸ್’ ಚೀಲದ ಗೋಡೆಯ ದಪ್ಪ. 3 ಮಿ.ಮೀ. ಮೀರಿದ್ದರೆ ಉರಿಯೂತ ಇದೆಯಾ ಎಂದು ಡಾಕ್ಟರ್ ಯೋಚಿಸುತ್ತಾರೆ. ‘ಪಾಲಿಪ್’ ಕಲ್ಲಲ್ಲ, ಗೋಡೆಯಿಂದ ಬೆಳೆದ ಗಂಟು. 10 ಮಿ.ಮೀ. ಅಥವಾ ಹೆಚ್ಚಿದ್ದರೆ ತಡ ಮಾಡದೆ ಸರ್ಜನ್‌ಗೆ ತೋರಿಸಿ.

ಎಲ್ಲಕ್ಕಿಂತ ಮುಖ್ಯವಾದ ಸಾಲು ‘ಸಿಬಿಡಿ’ ಬಗ್ಗೆ ಇರುವುದು. ಅದು ಲಿವರ್ ಮತ್ತು ಪಿತ್ತಕೋಶದಿಂದ ಕರುಳಿಗೆ ಹೋಗುವ ಮುಖ್ಯ ನಾಳ. ಸಾಮಾನ್ಯವಾಗಿ ಸುಮಾರು 6 ಮಿ.ಮೀ. ಒಳಗೆ ಇರುತ್ತದೆ, ವಯಸ್ಸಾದಂತೆ ಸ್ವಲ್ಪ ಅಗಲವಾಗುತ್ತದೆ. ‘ಡೈಲೇಟೆಡ್’ ಎಂದು ಬರೆದಿದ್ದರೆ ಮುಂದೆ ಎಲ್ಲೋ ಅಡ್ಡಿ ಇರಬಹುದು. ನಾಳದ ಕೊನೆಯ ತುದಿ ಕರುಳಿನ ಗಾಳಿಯ ಹಿಂದೆ ಮರೆಯಾಗುವುದರಿಂದ ಅಲ್ಲಿನ ಕಲ್ಲನ್ನು ಅಲ್ಟ್ರಾಸೌಂಡ್ ತಪ್ಪಿಸಬಹುದು. ಅದಕ್ಕೇ ಜೊತೆಗೆ ಎಲ್‌ಎಫ್‌ಟಿ ಎಂಬ ಲಿವರ್ ರಕ್ತಪರೀಕ್ಷೆ ಮಾಡಿಸುತ್ತಾರೆ. ಅದರಲ್ಲಿ ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ ಎಂಆರ್‌ಸಿಪಿ ಎಂಬ ಎಂಆರ್‌ಐ ಸ್ಕ್ಯಾನ್ ಬರೆದುಕೊಡುತ್ತಾರೆ.

ಹೆಜ್ಜೆ 3: ಆಪರೇಷನ್ ಬೇಕಾ, ಬೇಡವಾ

ಇಲ್ಲಿ ಜನ ಎರಡೂ ಕಡೆ ತಪ್ಪುತ್ತಾರೆ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡಿದೆ, ಇದುವರೆಗೆ ನೋವೇ ಬಂದಿಲ್ಲ ಎಂದರೆ ಹೆಚ್ಚಿನವರಿಗೆ ಆಪರೇಷನ್ ಬೇಕಾಗಿಲ್ಲ. ಕಲ್ಲಿರುವ ನೂರು ಜನರಲ್ಲಿ ಸುಮಾರು ಎಂಬತ್ತು ಜನರಿಗೆ ಅದು ಸುಮ್ಮನೆ ಕೂತಿರುತ್ತದೆ. ಸಕ್ಕರೆ ಕಾಯಿಲೆ ಇದೆ ಅನ್ನುವುದೊಂದೇ ಕಾರಣಕ್ಕೆ ಸುಮ್ಮನಿರುವ ಕಲ್ಲಿಗೆ ಆಪರೇಷನ್ ಮಾಡಿಸಬೇಕಾಗಿಲ್ಲ. ನೋವಿಲ್ಲದಿದ್ದರೂ ತೆಗೆಸುವುದು ಒಳ್ಳೆಯದು ಎನ್ನುವ ಸಂದರ್ಭಗಳು ಕೆಲವೇ: ಕಲ್ಲು 3 ಸೆಂ.ಮೀ.ಗಿಂತ ದೊಡ್ಡದಿದ್ದರೆ, ಚೀಲದ ಗೋಡೆಗೆ ಸುಣ್ಣ ಕಟ್ಟಿದ್ದರೆ, ಜೊತೆಗೆ ದೊಡ್ಡ ಪಾಲಿಪ್ ಇದ್ದರೆ, ರಕ್ತಕಣ ಒಡೆಯುವ ಕೆಲವು ಕಾಯಿಲೆಗಳಿದ್ದರೆ. ಮೊದಲ ಮೂರರಲ್ಲಿ ಪಿತ್ತಕೋಶದ ಕ್ಯಾನ್ಸರಿನ ಭಯ ಸ್ವಲ್ಪ ಹೆಚ್ಚು.

ಒಂದು ಸಲ ನಿಜವಾದ ಪಿತ್ತಕೋಶದ ನೋವು ಬಂದರೆ ಲೆಕ್ಕ ಬದಲಾಗುತ್ತದೆ. ಅದು ಮತ್ತೆ ಬರುವ ಸಾಧ್ಯತೆ ಜಾಸ್ತಿ, ಮುಂದಿನ ಸಲ ಬರೀ ನೋವಾಗಿ ಉಳಿಯದೇ ಹೋಗಬಹುದು. ಆಗ ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಳ್ಳಿ. ಬಿತ್ತನೆ ಮುಗಿಯಲಿ, ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದು ಮುಂದೂಡಬೇಡಿ. ಬಸುರಿಯಾಗುವ ಯೋಚನೆ ಇದ್ದರೆ ಅದಕ್ಕೂ ಮುಂಚೆ ಮುಗಿಸುವುದು ಹಗುರ. ಬಸಿರಿನಲ್ಲೇ ಬೇಕಾಗಿ ಬಂದರೆ ನಡುವಿನ ಮೂರು ತಿಂಗಳು ಸುಲಭದ ಕಾಲ.

‘ಕಲ್ಲು ಮಾತ್ರ ತೆಗೆದು ಚೀಲ ಬಿಡಬಾರದೇಕೆ?’ ಎಂದು ನಾನೂ ಕೇಳಿದ್ದೆ. ಕಲ್ಲು ಹುಟ್ಟಿಸಿದ ಚೀಲ ಮತ್ತೆ ಹುಟ್ಟಿಸುತ್ತದೆ, ಅದಕ್ಕೆ. ಕರಗಿಸುವ ಗುಳಿಗೆ ಒಂದಿದೆ, ಅರ್ಸೋಡಿಆಕ್ಸಿಕೋಲಿಕ್ ಆಸಿಡ್. ಸಣ್ಣ, ಸುಣ್ಣ ಕಟ್ಟದ ಕೊಲೆಸ್ಟರಾಲ್ ಕಲ್ಲಿಗೆ ಮಾತ್ರ, ಅದೂ ಚೀಲ ಕೆಲಸ ಮಾಡುತ್ತಿದ್ದರೆ. ಆರು ತಿಂಗಳಿನಿಂದ ಎರಡು ವರ್ಷ ನುಂಗಬೇಕು. ಬಿಟ್ಟ ಐದು ವರ್ಷದೊಳಗೆ ಅರ್ಧದಷ್ಟು ಜನರಲ್ಲಿ ಕಲ್ಲು ಮರಳಿ ಬರಬಹುದು. ಆಪರೇಷನ್ ತಡೆಯಲಾಗದ ದೇಹಸ್ಥಿತಿ ಇರುವವರಿಗೆ ಇದು ಉಪಯೋಗ.

ಮೊಬೈಲಿನಲ್ಲಿ ಓಡಾಡುವ ಒಂದು ವಿಡಿಯೋ ನಿಮಗೂ ಬಂದಿರಬಹುದು. ಆಲಿವ್ ಎಣ್ಣೆ, ಲಿಂಬೆ ರಸ ಒಟ್ಟಿಗೆ ಕುಡಿದರೆ ಮರುದಿನ ಮಲದಲ್ಲಿ ಹಸಿರು ಕಲ್ಲು ಬೀಳುತ್ತವೆ ಎನ್ನುವುದು. ಬೀಳುವುದು ನಿಜ. ಆದರೆ ಅವು ಪಿತ್ತಕೋಶದ ಕಲ್ಲಲ್ಲ. ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನ ಹಾಗೆ ಉಂಡೆ ಕಟ್ಟಿದ್ದು. ಒಳಗಿನ ಕಲ್ಲು ಇದ್ದಲ್ಲೇ ಇರುತ್ತದೆ. ಅಷ್ಟು ಎಣ್ಣೆಗೆ ಚೀಲ ಹಿಂಡಿ, ಸಣ್ಣ ಕಲ್ಲು ನಾಳಕ್ಕೆ ಜಾರಿದರೆ ತೊಂದರೆಯನ್ನು ನಾವೇ ಕೈಯಾರೆ ತಂದುಕೊಂಡ ಹಾಗೆ.

ಹೆಜ್ಜೆ 4: ಅದೇ ರಾತ್ರಿ ಹೊರಡಬೇಕಾದ ಲಕ್ಷಣಗಳು

ಈ ಭಾಗವನ್ನು ದಯವಿಟ್ಟು ಮನೆಯ ಹಿರಿಯರಿಗೆ ಓದಿ ಹೇಳಿ.

ನೋವು ಆರು ಗಂಟೆ ಕಳೆದರೂ ಇಳಿಯಲಿಲ್ಲ, ಜ್ವರ ಬಂತು, ಬಲಗಡೆ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ಉಸಿರು ಎಳೆದುಕೊಳ್ಳಲು ಹೇಳಿದರೆ ನೋವಿನಿಂದ ಉಸಿರೇ ನಿಲ್ಲುತ್ತದೆ ಅಂದರೆ ಚೀಲಕ್ಕೆ ಉರಿಯೂತ ಆಗಿದೆ. ಇದಕ್ಕೆ ಕೊಲೆಸಿಸ್ಟೈಟಿಸ್ ಅನ್ನುತ್ತಾರೆ. ಬಿಟ್ಟರೆ ಕೀವು ತುಂಬಬಹುದು, ಚೀಲ ಕೊಳೆತು ತೂತಾಗಬಹುದು. ವಯಸ್ಸಾದವರಲ್ಲಿ, ಶುಗರ್ ಇದ್ದವರಲ್ಲಿ ಒಳಗೆ ಇಷ್ಟೆಲ್ಲ ಆಗಿದ್ದರೂ ನೋವು, ಜ್ವರ ಕಡಿಮೆ ಕಾಣಬಹುದು. ‘ಅಪ್ಪ ಊಟ ಬಿಟ್ಟಾನ, ಮಂಕಾಗ್ಯಾನ’ ಅನ್ನುವುದೊಂದೇ ಗುರುತಾಗಿರಬಹುದು. ಉರಿಯೂತ ಆದಾಗ ಔಷಧ ಕೊಟ್ಟು ಕಳಿಸಿ ಆರು ವಾರದ ನಂತರ ಆಪರೇಷನ್ ಮಾಡುವ ರೂಢಿ ಮೊದಲು ಹೆಚ್ಚಿತ್ತು. ಈಗ ದೇಹ ತಡೆಯುವಂತಿದ್ದರೆ ಮೊದಲ ಕೆಲವೇ ದಿನಗಳಲ್ಲಿ, ಸಾಧ್ಯವಾದರೆ 72 ಗಂಟೆಯೊಳಗೆ ತೆಗೆಯುವುದೇ ಒಳ್ಳೆಯದು ಎನ್ನುತ್ತಾರೆ. ಬೇಗ ಹೋದಷ್ಟೂ ಸರ್ಜನ್‌ಗೆ ಕೆಲಸ ಹಗುರ. ಆಪರೇಷನ್ ತಡೆಯಲಾರದಷ್ಟು ನಿತ್ರಾಣರಾದವರಿಗೆ ಹೊರಗಿನಿಂದ ಚೀಲಕ್ಕೆ ಸಣ್ಣ ನಳಿಕೆ ಹಾಕಿ ಕೀವು ಇಳಿಸುತ್ತಾರೆ.

ಕಣ್ಣು ಹಳದಿ, ಮೂತ್ರ ಕಡು ಚಹಾದ ಬಣ್ಣ, ಮಲ ಮಣ್ಣಿನ ಹಾಗೆ ಬಿಳಚಿಕೊಂಡಿದೆ, ಮೈಯೆಲ್ಲ ತುರಿಕೆ. ಇದು ನಾಳ ಕಟ್ಟಿದ ಕಾಮಣಿ. ಸೋಂಕಿನಿಂದ ಬರುವ ಕೆಲವು ಕಾಮಣಿಗಳು ತಾವೇ ವಾಸಿಯಾಗುತ್ತವೆ. ಎಲೆ ಔಷಧಕ್ಕೆ ಹೆಸರು ಬಂದದ್ದೇ ಅವುಗಳಿಂದ. ಆದರೆ ಕಲ್ಲು ಅಡ್ಡ ಕೂತ ನಾಳವನ್ನು ಯಾವ ಎಲೆಯೂ ಬಿಡಿಸುವುದಿಲ್ಲ, ಬರೆ ಹಾಕಿಸಿದರೂ ಬಿಡುವುದಿಲ್ಲ. ಹೊಟ್ಟೆ ನೋವಿನ ಜೊತೆ ಕಾಮಣಿ ಕಂಡರೆ ಮೊದಲು ಸ್ಕ್ಯಾನ್ ಆಗಲಿ.

ಈ ಕಾಮಣಿಗೆ ನಡುಗುವ ಚಳಿ ಜ್ವರ ಸೇರಿತೆಂದರೆ ಕಟ್ಟಿದ ನಾಳದೊಳಗೆ ಸೋಂಕು ಹತ್ತಿದೆ, ಅದು ರಕ್ತಕ್ಕೆ ಏರುತ್ತಿದೆ. ಇದರ ಹೆಸರು ಕೊಲಾಂಜೈಟಿಸ್. ನೋವು, ಕಾಮಣಿ, ಚಳಿ ಜ್ವರ ಮೂರೂ ಕೂಡಿದರೆ ಗಂಟೆಗಳ ಲೆಕ್ಕ. ಬಿಪಿ ಇಳಿದು ಮಾತು ತೊದಲತೊಡಗಿದರೆ ಜೀವಕ್ಕೇ ಅಪಾಯ. 108ಕ್ಕೆ ಫೋನ್ ಮಾಡಿ. ಬೆಳಗಿನ ಮೊದಲ ಬಸ್ಸಿಗೆ ಕಾಯಬೇಡಿ.

ಇನ್ನೊಂದು ಮೇದೋಜೀರಕ ಗ್ರಂಥಿಯ ಉರಿಯೂತ, ಪ್ಯಾಂಕ್ರಿಯಾಟೈಟಿಸ್. ಪಿತ್ತನಾಳ ಮತ್ತು ಈ ಗ್ರಂಥಿಯ ನಾಳ ಕರುಳಿಗೆ ಸೇರುವುದು ಒಂದೇ ಬಾಗಿಲಿನಲ್ಲಿ. ಅಲ್ಲಿ ಕಲ್ಲು ಸಿಕ್ಕರೆ ಗ್ರಂಥಿ ತನ್ನ ರಸದಿಂದ ತಾನೇ ಸುಡತೊಡಗುತ್ತದೆ. ನೋವು ಹೊಟ್ಟೆಯ ಮೇಲ್ಭಾಗದಿಂದ ನೆಟ್ಟಗೆ ಬೆನ್ನಿಗೆ ತೂರುತ್ತದೆ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಸಮಾಧಾನ, ವಾಂತಿ ನಿಲ್ಲುವುದಿಲ್ಲ. ರಕ್ತದಲ್ಲಿ ಈ ಗ್ರಂಥಿಯ ಕಿಣ್ವಗಳಾದ ಲೈಪೇಸ್, ಅಮೈಲೇಸ್ ಸಾಮಾನ್ಯ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು ಏರಿರುತ್ತವೆ. ಕುಡಿತ ಮತ್ತು ಪಿತ್ತದ ಕಲ್ಲು, ಈ ಕಾಯಿಲೆಯ ಎರಡು ದೊಡ್ಡ ಕಾರಣಗಳು. ಕುಡಿಯದ ಹೆಂಗಸಿಗೆ ಇದು ಬಂದರೆ ಮೊದಲ ಅನುಮಾನ ಕಲ್ಲಿನ ಮೇಲೆಯೇ. ಇಲ್ಲಿ ಸಣ್ಣ ಕಲ್ಲು ದೊಡ್ಡದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದೇ ಜಾರಿ ಕೆಳಗಿಳಿಯುವುದು. ‘ಬರೇ 4 ಮಿ.ಮೀ. ಐತಿ’ ಎಂದು ನಿರಾಳವಾಗಬೇಡಿ. ಉರಿಯೂತ ಹಗುರವಾಗಿದ್ದರೆ ಅದು ಇಳಿದ ಮೇಲೆ ಅದೇ ದಾಖಲಾತಿಯಲ್ಲಿ ಪಿತ್ತಕೋಶ ತೆಗೆಸಿಕೊಂಡು ಬರುವುದು ಸರಿ. ಮನೆಗೆ ಬಂದು ಕಾಯುವಾಗ ಇನ್ನೊಂದು ಸಲ ಬರಬಹುದು.

ಬಹಳ ಅಪರೂಪಕ್ಕೆ ದೊಡ್ಡ ಕಲ್ಲು ಚೀಲವನ್ನು ಕೊರೆದು ಕರುಳಿಗೆ ಬಿದ್ದು ಕರುಳನ್ನೇ ಕಟ್ಟುತ್ತದೆ. ಹೊಟ್ಟೆ ಉಬ್ಬಿ, ವಾಂತಿ ಆಗಿ, ಗಾಳಿಯೂ ಹೋಗದಿದ್ದರೆ ಅದೂ ತುರ್ತೇ.

ಹೆಜ್ಜೆ 5: ನಾಳದ ಕಲ್ಲು ಮತ್ತು ಸ್ಟೆಂಟ್

ನಾಳದಲ್ಲಿ ಕಲ್ಲಿದ್ದರೆ ಇಆರ್‌ಸಿಪಿ ಮಾಡುತ್ತಾರೆ. ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಕರುಳಿನ ತನಕ ಹೋಗುತ್ತದೆ. ನಾಳದ ಬಾಯಿಯನ್ನು ಸ್ವಲ್ಪ ಕೊಯ್ದು ಬಲೂನು ಅಥವಾ ಬುಟ್ಟಿಯಂಥ ಸಾಧನದಿಂದ ಕಲ್ಲನ್ನು ಎಳೆದು ಹಾಕುತ್ತಾರೆ. ಹೊಟ್ಟೆಯ ಮೇಲೆ ಗಾಯ ಇರುವುದಿಲ್ಲ. ಇದು ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ. ಚಳಿ ಜ್ವರದ ರೋಗಿಯನ್ನು ಎರಡು ಮೂರು ಕಡೆ ಅಲೆಸುವಷ್ಟು ಹೊತ್ತು ಇರುವುದಿಲ್ಲ.

ಇಆರ್‌ಸಿಪಿ ಆದ ಮೇಲೆ ಎರಡು ಸಂಗತಿ ಮರೆತುಹೋಗುತ್ತವೆ. ಒಂದು, ನಾಳದ ಕಲ್ಲು ಮಾತ್ರ ಹೋಗಿದೆ, ಕಲ್ಲು ತುಂಬಿದ ಚೀಲ ಇನ್ನೂ ಒಳಗಿದೆ. ಕಾಮಣಿ ಇಳಿಯಿತು, ಅನ್ನ ರುಚಿಸಿತು ಎಂದು ಊರಿಗೆ ಹೋಗಿ ಕೂರಬಾರದು. ಇನ್ನೊಂದು ಸ್ಟೆಂಟ್. ನಾಳದೊಳಗೆ ಪ್ಲಾಸ್ಟಿಕ್ ನಳಿಕೆ ಇಟ್ಟಿದ್ದರೆ ಅದನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೆಗೆಯಬೇಕು ಇಲ್ಲವೇ ಬದಲಿಸಬೇಕು. ಮರೆತರೆ ಅದೇ ಕಟ್ಟಿಕೊಂಡು ಮತ್ತೆ ಸೋಂಕು. ನಾವು ಚಿಗವ್ವನ ಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಗೆರೆ ಎಳೆದೆವು, ಅಣ್ಣ ತಮ್ಮಂದಿರ ಮೊಬೈಲಿನಲ್ಲೂ ಹಾಕಿಸಿದೆವು.

ಹೆಜ್ಜೆ 6: ಕಾಗದ, ಕಾರ್ಡು, ದುಡ್ಡು

ಸರ್ಕಾರಿ ಆಸ್ಪತ್ರೆ ಬೇಕೆಂದರೆ ಹುಬ್ಬಳ್ಳಿಯಲ್ಲಿ ನಾವೆಲ್ಲ ಕಿಮ್ಸ್ ಎಂದೇ ಕರೆಯುವ ದೊಡ್ಡಾಸ್ಪತ್ರೆ, ಗದಗದಲ್ಲಿ ಜಿಮ್ಸ್, ಧಾರವಾಡ ಮತ್ತು ಹಾವೇರಿಯಲ್ಲಿ ಜಿಲ್ಲಾಸ್ಪತ್ರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ. ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವುದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ, ತುರ್ತು ಸ್ಥಿತಿಯ ನಿಯಮ ಬೇರೆ. ದಾಖಲಾಗುವ ಮುಂಚೆಯೇ ಈ ಯೋಜನೆಯ ಕಾಗದಪತ್ರಕ್ಕೆ ಸಹಾಯ ಮಾಡಲು ಆಸ್ಪತ್ರೆಯಲ್ಲಿ ಇರುವ ಆರೋಗ್ಯಮಿತ್ರರ ಬಳಿ ಹೋಗಿ ‘ನಮ್ಮ ಆಪರೇಷನ್ ಇದರಲ್ಲಿ ಬರುತ್ತದಾ?’ ಎಂದು ಕೇಳಿ. ಆಪರೇಷನ್ ಆದ ಮೇಲೆ ಕೇಳಿದರೆ ಉಪಯೋಗವಿಲ್ಲ. ಸಹಕಾರ ಸಂಘದ ಸದಸ್ಯರಾಗಿ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದರೆ ಆ ಕಾರ್ಡೂ ಚೀಲದಲ್ಲಿರಲಿ. ಆಧಾರ್, ರೇಷನ್ ಕಾರ್ಡ್, ಹಳೆಯ ಸ್ಕ್ಯಾನ್, ರಕ್ತಪರೀಕ್ಷೆ, ನುಂಗುವ ಗುಳಿಗೆಗಳ ಪಟ್ಟಿಗಳು ಎಲ್ಲ ಒಂದೇ ಫೈಲಿನಲ್ಲಿ.

ಹೆಜ್ಜೆ 7: ಆಪರೇಷನ್

ಪಿತ್ತಕೋಶವನ್ನು ಮೊದಲು ತೆಗೆದದ್ದು 1882ರಲ್ಲಿ, ಬರ್ಲಿನ್ನಿನಲ್ಲಿ, ಕಾರ್ಲ್ ಲಾಂಗೆನ್‌ಬುಖ್ ಎಂಬ ಸರ್ಜನ್. ನೂರು ವರ್ಷ ಹೊಟ್ಟೆ ಕೊಯ್ದೇ ಮಾಡುತ್ತಿದ್ದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ತೂತಿನಿಂದ ತೆಗೆದರು. ನಮ್ಮ ದೇಶಕ್ಕೆ ಅದು 1990ರಲ್ಲಿ ಮುಂಬೈಯ ಡಾ. ತೆಹೆಮ್ಟನ್ ಉದ್ವಾಡಿಯಾ ಅವರ ಮೂಲಕ ಬಂತು. ಇವತ್ತು ನಮ್ಮ ಜಿಲ್ಲೆಗಳಲ್ಲೇ ಇದು ದಿನನಿತ್ಯದ ಕೆಲಸ.

ಪೂರ್ತಿ ಅರಿವಳಿಕೆ ಕೊಡುತ್ತಾರೆ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸಿ, ಸಾಮಾನ್ಯವಾಗಿ ನಾಲ್ಕು ತೂತು ಮಾಡುತ್ತಾರೆ. ಒಂದೊಂದೂ 5ರಿಂದ 10 ಮಿ.ಮೀ. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉಪಕರಣ. ಒಳಗೆ ಅಂಟಿಕೊಂಡಿರುವುದು ಜಾಸ್ತಿ ಇದ್ದರೆ ಮಧ್ಯದಲ್ಲೇ ಹೊಟ್ಟೆ ಕೊಯ್ಯಬೇಕಾಗಬಹುದು. ಅದು ಡಾಕ್ಟರ ಸೋಲಲ್ಲ, ರೋಗಿಯನ್ನು ಕಾಪಾಡುವ ತೀರ್ಮಾನ. ನೂರಾರು ಆಪರೇಷನ್ನಿನಲ್ಲಿ ಒಂದರಲ್ಲಿ ಪಿತ್ತನಾಳಕ್ಕೆ ಪೆಟ್ಟಾಗುವ ಅಪಾಯ ಇರುತ್ತದೆ. ಹಾಗಾಗಿ ಈ ಆಪರೇಷನ್ ಪದೇ ಪದೇ ಮಾಡಿ ಕೈ ಪಳಗಿದ ಸರ್ಜನ್ ಯಾರೆಂದು ಕೇಳುವುದರಲ್ಲಿ ಸಂಕೋಚ ಬೇಡ.

ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಗುಳಿಗೆ, ಶುಗರ್ ಗುಳಿಗೆ, ಇನ್ಸುಲಿನ್ ಇದ್ದರೆ ಮೊದಲೇ ಹೇಳಿ, ಯಾವುದನ್ನು ಯಾವಾಗ ನಿಲ್ಲಿಸಬೇಕು ಅಂತ ಬರೆಸಿಕೊಳ್ಳಿ. ನೀವೇ ನಿಲ್ಲಿಸಬೇಡಿ. ಹಿಂದಿನ ರಾತ್ರಿಯಿಂದ ಉಪವಾಸ ಎಷ್ಟು ಗಂಟೆ, ನೀರು ಎಷ್ಟರ ತನಕ ಎಂದು ಅರಿವಳಿಕೆ ಡಾಕ್ಟರ್ ಹೇಳುತ್ತಾರೆ, ಅದರಲ್ಲಿ ಚಹಾದ ವಿನಾಯಿತಿ ಕೇಳಬೇಡಿ.

ಮನೆಗೆ ಬಂದ ಮೇಲೆ

ತೊಡಕಿಲ್ಲದಿದ್ದರೆ ಒಂದೆರಡು ದಿನಕ್ಕೆ ಬಿಡುತ್ತಾರೆ. ಮೊದಲ ಎರಡು ದಿನ ಭುಜ ನೋಯಬಹುದು. ಉಳಿದ ಗಾಳಿ ಒಳಗಿನ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯನ್ನು, ಒತ್ತುವುದರಿಂದ ಹಾಗೆ, ಎದ್ದು ಓಡಾಡಿದರೆ ಹೋಗುತ್ತದೆ. ಮನೆಯ ಹಗುರ ಕೆಲಸ ಒಂದೆರಡು ವಾರಕ್ಕೆ ಶುರು ಮಾಡಬಹುದು. ಆದರೆ ತುಂಬಿದ ಕೊಡ, ಹುಲ್ಲಿನ ಹೊರೆ, ಜೋಳದ ಚೀಲ ಎತ್ತುವುದು ನಾಲ್ಕರಿಂದ ಆರು ವಾರ ಬೇಡ. ಹೊಲದ ಮನೆಯ ಹೆಂಗಸರಿಗೆ ಈ ಮಾತನ್ನು ಗಂಡ, ಅತ್ತೆಯ ಎದುರಿಗೇ ಡಾಕ್ಟರಿಂದ ಹೇಳಿಸಿ. ಇಲ್ಲದಿದ್ದರೆ ಐದನೇ ದಿನಕ್ಕೇ ಕೊಡ ಕೈಗೆ ಬರುತ್ತದೆ.

ಚೀಲ ಇಲ್ಲದಿದ್ದರೂ ಲಿವರ್ ಪಿತ್ತರಸ ಮಾಡುತ್ತಲೇ ಇರುತ್ತದೆ. ಅದು ಹನಿಹನಿಯಾಗಿ ನೇರ ಕರುಳಿಗೆ ಇಳಿಯುತ್ತದೆ. ಜೀವಮಾನವಿಡೀ ಪಥ್ಯ ಬೇಕಾಗಿಲ್ಲ. ಮೊದಲ ಕೆಲವು ವಾರ ಒಂದೇ ಸಲ ಜಾಸ್ತಿ ಜಿಡ್ಡು ಬೇಡ. ಗಂಜಿ, ಮೆತ್ತನೆ ಅನ್ನ, ತಿಳಿ ಸಾರು, ರೊಟ್ಟಿ, ಸೊಪ್ಪಿನ ಪಲ್ಯದಿಂದ ಶುರು ಮಾಡಿ. ಶೇಂಗಾ ಹಿಂಡಿ, ಎಣ್ಣೆಗಾಯಿ, ತುಪ್ಪ ಆಮೇಲೆ ಸ್ವಲ್ಪ ಸ್ವಲ್ಪವಾಗಿ. ಕೆಲವರಿಗೆ ಭೇದಿ ಆಗುತ್ತದೆ, ಹೆಚ್ಚಿನವರಿಗೆ ತಾನೇ ಸರಿಹೋಗುತ್ತದೆ. ವಾರಗಟ್ಟಲೆ ನಿಲ್ಲದಿದ್ದರೆ ಔಷಧವಿದೆ, ಕೇಳಿ. ಜ್ವರ, ದಿನೇ ದಿನೇ ಏರುವ ನೋವು, ಮತ್ತೆ ಕಣ್ಣು ಹಳದಿ, ಗಾಯದಿಂದ ಹಳದಿ ಹಸಿರು ನೀರು ಬಂದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ವಾಪಸ್ ಹೋಗಿ.

ತೆಗೆದ ಕಲ್ಲುಗಳನ್ನು ಬಾಟಲಿಯಲ್ಲಿ ಹಾಕಿ ಕೈಗೆ ಕೊಡುತ್ತಾರೆ. ಚಿಗವ್ವನವು ಹದಿನಾಲ್ಕು ಇದ್ದವು, ಕಡಲೆಕಾಳಿನಷ್ಟು ದೊಡ್ಡವು. ಬಂದವರೆಲ್ಲ ಅದನ್ನೇ ನೋಡಿದರು. ಆದರೆ ನೀವು ಕೇಳಬೇಕಾದದ್ದು ಕಲ್ಲನ್ನಲ್ಲ, ಚೀಲವನ್ನು. ತೆಗೆದ ಪಿತ್ತಕೋಶವನ್ನು ಲ್ಯಾಬಿಗೆ ಕಳಿಸಿದ್ದಾರಾ ಎಂದು ಕೇಳಿ. ಯಾವ ಲಕ್ಷಣವೂ ಇಲ್ಲದ ಕ್ಯಾನ್ಸರ್ ಒಮ್ಮೊಮ್ಮೆ ಆ ಪರೀಕ್ಷೆಯಲ್ಲೇ ಗೊತ್ತಾಗುವುದು. ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ರೋಗಿ ಊರು ಸೇರಿರುತ್ತಾರೆ, ಕಾಗದ ಕೌಂಟರಿನಲ್ಲೇ ಉಳಿಯುತ್ತದೆ. ಹೊಲಿಗೆ ತೋರಿಸಲು ಹೋದ ದಿನ ಅದನ್ನು ಇಸಿದುಕೊಂಡು, ಡಾಕ್ಟರಿಗೆ ತೋರಿಸಿ, ಅದೇ ಫೈಲಿನಲ್ಲಿ ಇಟ್ಟುಕೊಳ್ಳಿ.